ಕರ್ನಾಟಕ ‘ಕನಾರ್ಟಕ’ವಾದರೆ ಹೊಣೆ ಯಾರದು?

ತಾಜಸುಲ್ತಾನಪುರದ ನಮ್ಮ ಬಡಾವಣೆಯಲ್ಲಿ ನಿವೃತ್ತ ಕನ್ನಡ ಶಿಕ್ಷಕರೊಬ್ಬರಿದ್ದಾರೆ. ವಯಸ್ಸು ಎಂಬತ್ತು ದಾಟಿದೆ. ಸಕ್ಕರೆ ಕಾಯಿಲೆ ಅವರ ಎರಡೂ ಕಣ್ಣುಗಳ ದೃಷ್ಟಿಯನ್ನು ಕಸಿದು ಕೆಲವು ವರ್ಷಗಳಾದವು. ಓದಿಲ್ಲದೆ ಒಂದು ದಿನವನ್ನೂ ಕಳೆಯದ ಆ ಹಿರಿಯರಿಗೆ, ಪಠ್ಯವನ್ನು ಗಟ್ಟಿಯಾಗಿ ಓದಿ ಹೇಳುವ ತಂತ್ರಾಂಶವೊಂದನ್ನು ಅವರ ಮೊಮ್ಮಗ ಮೊಬೈಲ್ ಫೋನಿನಲ್ಲಿ ಅಳವಡಿಸಿಕೊಟ್ಟ. ವಚನಗಳ ಕುರಿತ ವ್ಯಾಖ್ಯಾನ ಗ್ರಂಥವೊಂದರ ಇ-ಪುಸ್ತಕವನ್ನು ಹಣ ತೆತ್ತು ಅವರಿಗಾಗಿ ಕೊಂಡವನು ನಾನು. ನಾಲ್ಕನೆಯ ದಿನ ಅವರಿಂದ ಕರೆ ಬಂತು. ‘ಸಾಹೇಬ್ರ, ನೀವು ಕೊಡಿಸಿದ ಪುಸ್ತಕ ಮಾತ್ ಮಾತಿಗೂ ಸೊನ್ನಿ ಸೊನ್ನಿ ಅನ್ಲಿಕತ್ತದ. ಇದೇನ್ರಿ, ಲೆಕ್ಕದ ಪುಸ್ತಕ ಏನು?’

ಮರುದಿನ ಅವರ ಮನೆಗೆ ಹೋಗಿ ಫೋನಿನ ಪರದೆಯ ಮೇಲೆ ಕಣ್ಣಾಡಿಸಿದೆ. ನನಗೆ ತಪ್ಪೇನೂ ಕಾಣಲಿಲ್ಲ. ಅಂಗ, ಲಿಂಗ, ಜಂಗಮ ಎಂಬ ಪದಗಳೆಲ್ಲ ಇರಬೇಕಾದ ಹಾಗೆಯೇ ಇದ್ದವು. ಯಂತ್ರದ ದನಿ ಮಾತ್ರ ಆ ಪ್ರತಿಯೊಂದು ಪದದ ನಡುವೆಯೂ ‘ಸೊನ್ನೆ’ ಎನ್ನುತ್ತಿತ್ತು. ಗಣಕ ಬಲ್ಲ ಯುವಕನೊಬ್ಬನನ್ನು ವಿಚಾರಿಸಿದಾಗ ಗುಟ್ಟು ತಿಳಿಯಿತು. ಕನ್ನಡದ ಅನುಸ್ವಾರಕ್ಕೂ ಕನ್ನಡದ ಅಂಕಿ ಸೊನ್ನೆಗೂ ನೋಟಕ್ಕೆ ಆಕಾರ ಒಂದೇ, ಪುಟ್ಟದೊಂದು ವೃತ್ತ. ಗಣಕದ ಲೆಕ್ಕದಲ್ಲಿ ಅವೆರಡೂ ಬೇರೆ ಬೇರೆ ಸಂಕೇತಗಳು. ಪುಸ್ತಕವನ್ನು ಸಿದ್ಧಪಡಿಸಿದವರು ಅನುಸ್ವಾರ ಬರಬೇಕಾದ ಕಡೆಯಲ್ಲೆಲ್ಲ ಸೊನ್ನೆಯನ್ನು ಉಳಿಸಿದ್ದರು. ಕಣ್ಣಿದ್ದವನನ್ನು ಏಮಾರಿಸಿದ ತಪ್ಪು, ಕಣ್ಣಿಲ್ಲದವರ ಕಿವಿಗೆ ಸಿಕ್ಕಿಬಿದ್ದಿತ್ತು.

ಕುತೂಹಲಕ್ಕೆಂದು ಆರಂಭಿಸಿದ್ದು ಒಂದು ವಾರದ ಕೆಲಸವಾಯಿತು. ಅದೇ ಗ್ರಂಥದ ಮುದ್ರಿತ ಪ್ರತಿ ನನ್ನ ಕಪಾಟಿನಲ್ಲಿತ್ತು. ಎರಡನ್ನೂ ಎದುರಿಗಿಟ್ಟುಕೊಂಡು ಸಾಲುಸಾಲಾಗಿ ಹೋಲಿಸುತ್ತ ಹೋದೆ. ಅನುಸ್ವಾರದ ತಪ್ಪನ್ನು ಬದಿಗಿರಿಸಿಯೂ ಮೊದಲ ಐವತ್ತು ಪುಟಗಳಲ್ಲೇ ದೋಷಗಳು ನೂರನ್ನು ದಾಟಿದವು. ಆಮೇಲೆ ಎಣಿಸುವುದನ್ನು ಬಿಟ್ಟೆ. ‘ಕರ್ನಾಟಕ’ ಹಲವೆಡೆ ‘ಕನಾರ್ಟಕ’ವಾಗಿತ್ತು. ‘ಧರ್ಮ’ವು ‘ಧಮರ್’ ಆಗಿತ್ತು, ‘ವರ್ಷ’ವು ‘ವಷರ್’ ಆಗಿತ್ತು. ಪುಸ್ತಕದ ನಡುಭಾಗಕ್ಕೆ ಬರುತ್ತಿದ್ದಂತೆ ತಪ್ಪುಗಳ ಜಾತಿಯೇ ಬದಲಾಯಿತು. ಅಲ್ಲಮನ ‘ಗುಹೇಶ್ವರ’ ‘ಗುಹೇಶ್ಚರ’ನಾಗಿದ್ದ. ‘ನಾವು’ ಎಂದಿರಬೇಕಾದಲ್ಲಿ ‘ಸಾವು’ ಎಂದಿತ್ತು. ವಾಕ್ಯವೊಂದರ ನಟ್ಟನಡುವೆ ಪುಸ್ತಕದ ಹೆಸರೂ ಪುಟಸಂಖ್ಯೆಯೂ ಧುತ್ತೆಂದು ಬಂದು ಕುಳಿತಿದ್ದವು. ಅಡಿಟಿಪ್ಪಣಿಯ ಅಂಕಿಗಳು ಪದಗಳ ಬಾಲಕ್ಕೆ ಅಂಟಿಕೊಂಡಿದ್ದವು. ವಚನಗಳ ಸಾಲುಗಳು ಒಂದರೊಳಗೊಂದು ಬೆರೆತು ಗದ್ಯದ ಮುದ್ದೆಯಾಗಿದ್ದವು. ಇವಾವುವೂ ಮುದ್ರಿತ ಪ್ರತಿಯಲ್ಲಿರಲಿಲ್ಲ. ಎಂದರೆ ತಪ್ಪು ಲೇಖಕರದಲ್ಲ, ಅಂದು ಕರಡು ತಿದ್ದಿದವರದೂ ಅಲ್ಲ. ಕಾಗದದಿಂದ ಪರದೆಗೆ ದಾಟುವ ದಾರಿಯಲ್ಲಿ ಪುಸ್ತಕ ಗಾಯಗೊಂಡಿತ್ತು. ಆ ಗಾಯವನ್ನು ಯಾರೊಬ್ಬರೂ ನೋಡದೆಯೇ ಅದನ್ನು ಮಾರಾಟಕ್ಕೆ ಇಡಲಾಗಿತ್ತು.

ಅಚ್ಚಿನ ತಪ್ಪು ಕನ್ನಡಕ್ಕೆ ಹೊಸದೇನಲ್ಲ. ವಿಶಾಖದತ್ತನ ನಾಟಕದ ಹೆಸರನ್ನು ಎರವಲು ಪಡೆದು ನಮ್ಮ ಹಿರಿಯರು ಅದನ್ನು ‘ಮುದ್ರಾರಾಕ್ಷಸನ ಹಾವಳಿ’ ಎಂದು ಕರೆದು ನಕ್ಕರು. ಆದರೆ ಆ ರಾಕ್ಷಸನನ್ನು ಕಟ್ಟಿಹಾಕುವ ಏರ್ಪಾಡೂ ಅಚ್ಚುಕೂಟದಲ್ಲಿತ್ತು. ಮೊಳೆ ಜೋಡಿಸಿದ ಮೇಲೆ ಮೊದಲ ಕರಡು, ತಿದ್ದಿದ ಮೇಲೆ ಎರಡನೆಯ ಕರಡು, ಕೊನೆಗೆ ಲೇಖಕರ ಸಹಿ ಬೀಳದೆ ಫಾರಂ ಯಂತ್ರವೇರುತ್ತಿರಲಿಲ್ಲ. ಇಷ್ಟಾದ ಮೇಲೂ ಉಳಿದ ತಪ್ಪುಗಳಿಗಾಗಿ ಪುಸ್ತಕದ ಕೊನೆಯಲ್ಲಿ ‘ತಪ್ಪು–ಒಪ್ಪು’ಗಳ ಪಟ್ಟಿಯೊಂದನ್ನು ಅಂಟಿಸುತ್ತಿದ್ದರು. ಬಾಲ್ಯದಲ್ಲಿ ನನಗೆ ಆ ಪಟ್ಟಿ ಹಾಸ್ಯಾಸ್ಪದವಾಗಿ ಕಾಣುತ್ತಿತ್ತು. ಈಗ ಯೋಚಿಸಿದರೆ, ಪ್ರಕಾಶಕನೊಬ್ಬ ತನ್ನ ಗಿರಾಕಿಗೆ ಸಲ್ಲಿಸಬಹುದಾದ ಅತ್ಯಂತ ಗೌರವದ ಕಾಣಿಕೆ ಅದೇ ಎನ್ನಿಸುತ್ತದೆ. ‘ನಾನು ಇದನ್ನು ಮತ್ತೆ ಓದಿದ್ದೇನೆ, ಇಷ್ಟು ತಪ್ಪಿದ್ದೇನೆ’ ಎಂಬ ಒಪ್ಪಿಗೆ ಅದು.

ಇನ್ನೂ ಹಿಂದಕ್ಕೆ ಹೋದರೆ, ಓಲೆಗರಿಯ ಲಿಪಿಕಾರರು ಪ್ರತಿ ಮಾಡಿ ಮುಗಿಸಿದ ಬಳಿಕ, ತಪ್ಪಿದ್ದರೆ ತಿದ್ದಿ ಓದಬೇಕೆಂದು ಬಲ್ಲವರನ್ನು ಬೇಡಿಕೊಳ್ಳುವ ವಾಡಿಕೆಯಿತ್ತು. ಆ ಲಿಪಿಕಾರರ ಕೈತಪ್ಪುಗಳನ್ನು ಬಿಡಿಸಿ ಮೂಲಪಾಠವನ್ನು ಕಂಡುಕೊಳ್ಳಲು ಡಿ.ಎಲ್. ನರಸಿಂಹಾಚಾರ್, ಎಂ.ಎಂ. ಕಲಬುರ್ಗಿಯವರಂಥ ವಿದ್ವಾಂಸರು ದಶಕಗಳನ್ನೇ ವ್ಯಯಿಸಿದರು. ಗ್ರಂಥಸಂಪಾದನೆ ಎಂಬುದು ಒಂದು ಶಾಸ್ತ್ರವಾಗಿಯೇ ಬೆಳೆಯಿತು. ಇಂದು ನಾವು ಆ ವಿದ್ವಾಂಸರು ಶುದ್ಧಗೊಳಿಸಿಕೊಟ್ಟ ಪಾಠಗಳಿಗೇ ಹೊಸ ಕೈತಪ್ಪುಗಳನ್ನು ಸೇರಿಸಿ ಮಾರುತ್ತಿದ್ದೇವೆ.

ಈ ತಪ್ಪುಗಳು ಎಲ್ಲಿಂದ ಬರುತ್ತವೆ ಎಂಬುದನ್ನು ತಿಳಿಯದೆ ಯಾರನ್ನಾದರೂ ದೂರುವುದು ನ್ಯಾಯವಲ್ಲ. 1990ರ ದಶಕದಲ್ಲಿ ಡಿ.ಟಿ.ಪಿ. ಹರಡಿದಾಗ ಕನ್ನಡದ ಅಕ್ಷರಗಳಿಗೆ ಗಣಕದಲ್ಲಿ ಸ್ವಂತ ಮನೆಯಿರಲಿಲ್ಲ. ತಲೆಕಟ್ಟು, ಗುಡಿಸು, ಕೊಂಬು, ಒತ್ತು ಇವುಗಳನ್ನು ತುಂಡುತುಂಡಾಗಿ ಇಂಗ್ಲಿಷ್ ಅಕ್ಷರಗಳ ಜಾಗದಲ್ಲಿ ಕೂರಿಸಲಾಗುತ್ತಿತ್ತು. ಒಂದೊಂದು ಸಂಸ್ಥೆಯ ತಂತ್ರಾಂಶದಲ್ಲಿ ಒಂದೊಂದು ಬಗೆಯ ಜೋಡಣೆ. ಜಗತ್ತಿನ ಲಿಪಿಗಳಿಗೆಲ್ಲ ಸಮಾನ ಸಂಕೇತಗಳನ್ನು ನಿಗದಿಪಡಿಸಿದ ಯೂನಿಕೋಡಿನ ಮೊದಲ ಆವೃತ್ತಿ 1991ರಲ್ಲೇ ಪ್ರಕಟವಾಗಿ ಅದರಲ್ಲಿ ಕನ್ನಡಕ್ಕೂ ಸ್ಥಾನ ದೊರೆತಿತ್ತು. ಆದರೆ ನಮ್ಮ ಮುದ್ರಣಾಲಯಗಳು ಅದರತ್ತ ಹೊರಳಲು ಬಹುಕಾಲ ಹಿಡಿಯಿತು. ಈ ನಡುವೆ ಅಚ್ಚಾದ ಪುಸ್ತಕಗಳ ಕಡತಗಳೆಲ್ಲ ಹಳೆಯ ಜೋಡಣೆಯಲ್ಲಿಯೇ ಉಳಿದುಬಿಟ್ಟವು. ಅವುಗಳನ್ನು ಇ-ಪುಸ್ತಕ ಮಾಡಬೇಕಾದರೆ ಪರಿವರ್ತಕ ತಂತ್ರಾಂಶದ ಮೂಲಕ ಹಾಯಿಸಬೇಕು.

ಇಲ್ಲಿಯೇ ‘ಕನಾರ್ಟಕ’ದ ಜನನ. ‘ಕರ್ನಾಟಕ’ ಎಂದು ಬರೆಯುವಾಗ ಅರ್ಕಾವತ್ತನ್ನು ನಾವು ‘ನಾ’ ಅಕ್ಷರದ ಬಳಿಕ ಇಡುತ್ತೇವೆ, ಆದರೆ ಉಚ್ಚರಿಸುವಾಗ ರಕಾರ ಮೊದಲು ಬರುತ್ತದೆ. ಹಳೆಯ ಕಡತ ಕಣ್ಣಿನ ಕ್ರಮವನ್ನು ಹಿಡಿದದ್ದು, ಯೂನಿಕೋಡ್ ನಾಲಗೆಯ ಕ್ರಮವನ್ನು ಹಿಡಿದದ್ದು. ಪರಿವರ್ತಕ ತಂತ್ರಾಂಶ ರಕಾರವನ್ನು ಹಿಂದಕ್ಕೆ ಸರಿಸದೆ ಇದ್ದಲ್ಲಿಯೇ ಬಿಟ್ಟರೆ, 1973ರ ನವೆಂಬರ್ 1ರಂದು ನಾವು ಹೆಮ್ಮೆಯಿಂದ ಇಟ್ಟುಕೊಂಡ ನಾಡಿನ ಹೆಸರೇ ಕೆಡುತ್ತದೆ. ಇಂಥದೇ ಇನ್ನೊಂದು ಸಂಗತಿ, ಕಣ್ಣಿಗೆ ಕಾಣದ ಒಂದು ಚಿಹ್ನೆ. ‘ರಾಜ್‌ಕುಮಾರ್’ ಎಂಬಲ್ಲಿ ಜಕಾರಕ್ಕೆ ಕಕಾರ ಒತ್ತಾಗದಂತೆ ತಡೆಯುವುದು ಅದೇ. ಪರಿವರ್ತನೆಯಲ್ಲಿ ಅದು ಬಿದ್ದುಹೋದರೆ ವರನಟನ ಹೆಸರು ‘ರಾಜ್ಕುಮಾರ್’ ಆಗುತ್ತದೆ.

ಕಡತವೇ ಇಲ್ಲದ ಹಳೆಯ ಪುಸ್ತಕಗಳದು ಬೇರೆಯ ಕಥೆ. ಅವುಗಳ ಪುಟಗಳನ್ನು ಸ್ಕ್ಯಾನ್ ಮಾಡಿ, ಚಿತ್ರದಲ್ಲಿರುವ ಅಕ್ಷರಗಳನ್ನು ಗುರುತಿಸುವ ಕೆಲಸವನ್ನು ಯಂತ್ರಕ್ಕೆ ವಹಿಸಲಾಗುತ್ತದೆ. ಮಾಸಿದ ಅಚ್ಚಿನಲ್ಲಿ ನಕಾರ ಸಕಾರದಂತೆ, ಪಕಾರ ವಕಾರದಂತೆ, ಥಕಾರ ಧಕಾರದಂತೆ ಯಂತ್ರಕ್ಕೆ ತೋರುವುದು ಸಹಜ. ಅಂಥ ತಪ್ಪಿನ ಅಪಾಯವೆಂದರೆ, ‘ಸಾವು’ ಕೂಡ ನಿಘಂಟಿನಲ್ಲಿರುವ ಪದವೇ. ಕಾಗುಣಿತ ಪರೀಕ್ಷಿಸುವ ತಂತ್ರಾಂಶ ಅದನ್ನು ತಪ್ಪೆಂದು ಎತ್ತಿ ತೋರಿಸದು. ಅರ್ಥ ಬಲ್ಲ ಮನುಷ್ಯನೊಬ್ಬ ಓದಿದರೆ ಮಾತ್ರ ಅದು ಸಿಕ್ಕುತ್ತದೆ. ನಾನು ಕೊಂಡ ಪುಸ್ತಕದ ಒಂದು ಭಾಗ ಹಳೆಯ ಕಡತದಿಂದಲೂ ಉಳಿದದ್ದು ಸ್ಕ್ಯಾನ್ ಮಾಡಿದ ಪುಟಗಳಿಂದಲೂ ಬಂದಂತೆ ತೋರುತ್ತದೆ. ನಡುವೆ ತಪ್ಪುಗಳ ಜಾತಿ ಬದಲಾದದ್ದು ಅದಕ್ಕಾಗಿಯೇ. ಎರಡೂ ದಾರಿಯಲ್ಲಿ ಯಂತ್ರ ತನ್ನ ಶಕ್ತ್ಯನುಸಾರ ದುಡಿದಿದೆ. ದುಡಿಯದೆ ಇದ್ದವನು ಮನುಷ್ಯ.

ಅರ್ಥಶಾಸ್ತ್ರದ ವಿದ್ಯಾರ್ಥಿಯಾಗಿ ನನ್ನನ್ನು ಕಾಡಿದ ಪ್ರಶ್ನೆ ಬೇರೆ. ಇಷ್ಟು ದೋಷಪೂರಿತ ಸರಕು ಮಾರುಕಟ್ಟೆಯಲ್ಲಿ ನಿಲ್ಲುವುದಾದರೂ ಹೇಗೆ? ಕಲಬುರಗಿಯ ಕೃಷಿ ಮಾರುಕಟ್ಟೆಗೆ ಹೋಗಿ ನೋಡಿ. ತೊಗರಿ ಕೊಳ್ಳುವ ವ್ಯಾಪಾರಿ ಚೀಲದ ಬಾಯಲ್ಲಿರುವ ಕಾಳನ್ನು ನಂಬುವುದಿಲ್ಲ. ಚೀಲದೊಳಕ್ಕೆ ಕೈ ಇಳಿಸಿ, ತಳದ ಕಾಳನ್ನು ಅಂಗೈಗೆ ತಂದು, ಊದಿ, ಹುಳುಕು ನೋಡಿ ಬೆಲೆ ಹೇಳುತ್ತಾನೆ. ಇ-ಪುಸ್ತಕದ ಗಿರಾಕಿಗೆ ಆ ಅವಕಾಶವಿಲ್ಲ. ಅವನಿಗೆ ಉಚಿತವಾಗಿ ತೋರಿಸುವುದು ಸಾಮಾನ್ಯವಾಗಿ ಆರಂಭದ ಕೆಲವು ಪುಟಗಳನ್ನು, ಎಂದರೆ ಚೀಲದ ಬಾಯಲ್ಲಿರುವ ಕಾಳನ್ನು. ಮುನ್ನುಡಿ ಸ್ವಚ್ಛವಾಗಿರುತ್ತದೆ, ಹುಳುಕು ಇರುವುದು ತಳದಲ್ಲಿ.

ಅಮೆರಿಕದ ಅರ್ಥಶಾಸ್ತ್ರಜ್ಞ ಜಾರ್ಜ್ ಅಕೆರ್ಲಾಫ್ 1970ರಲ್ಲಿ ಹಳೆಯ ಕಾರುಗಳ ಮಾರುಕಟ್ಟೆಯನ್ನು ಉದಾಹರಣೆಯಾಗಿಟ್ಟುಕೊಂಡು ಇದನ್ನೇ ವಿವರಿಸಿದ್ದರು. ಸರಕಿನ ಗುಣ ಮಾರುವವನಿಗೆ ತಿಳಿದಿದ್ದು ಕೊಳ್ಳುವವನಿಗೆ ತಿಳಿಯದಿದ್ದರೆ, ಕೊಳ್ಳುವವನು ಎಲ್ಲ ಸರಕನ್ನೂ ಸಂಶಯದಿಂದ ಕಂಡು ಕಡಿಮೆ ಬೆಲೆಯನ್ನೇ ಕೊಡುತ್ತಾನೆ. ಆ ಬೆಲೆಗೆ ಒಳ್ಳೆಯ ಸರಕು ಮಾರುವವನಿಗೆ ಗಿಟ್ಟುವುದಿಲ್ಲ, ಅವನು ಅಂಗಡಿ ಮುಚ್ಚುತ್ತಾನೆ. ಕೊನೆಗೆ ಕಳಪೆಯೇ ಉಳಿಯುತ್ತದೆ. ಈ ಬಗೆಯ ಚಿಂತನೆಗಾಗಿ 2001ರಲ್ಲಿ ಅವರಿಗೂ ಇನ್ನಿಬ್ಬರಿಗೂ ನೊಬೆಲ್ ಪುರಸ್ಕಾರ ಸಂದಿತು. ಕನ್ನಡದ ಇ-ಪುಸ್ತಕಗಳ ವಿಷಯದಲ್ಲಿ ನನ್ನ ಭಯ ಇದೇ. ಶ್ರದ್ಧೆಯಿಂದ ಕರಡು ತಿದ್ದಿಸಿ ಇ-ಪುಸ್ತಕ ತರುವ ಪ್ರಕಾಶಕರೂ ನಮ್ಮಲ್ಲಿದ್ದಾರೆ. ಆದರೆ ಎರಡು ಸಲ ಕೈಸುಟ್ಟುಕೊಂಡ ಓದುಗ ಮೂರನೆಯ ಸಲ ಅವರ ಪುಸ್ತಕವನ್ನೂ ಮುಟ್ಟುವುದಿಲ್ಲ.

ಪ್ರಕಾಶಕರ ಕಷ್ಟವನ್ನೂ ಹೇಳಬೇಕು. ಕರಡು ತಿದ್ದುವ ವೆಚ್ಚ ಹತ್ತು ಪ್ರತಿ ಮಾರಿದರೂ ಅಷ್ಟೇ, ಹತ್ತು ಸಾವಿರ ಮಾರಿದರೂ ಅಷ್ಟೇ. ದೊಡ್ಡ ಮಾರುಕಟ್ಟೆಯ ಭಾಷೆಗಳಲ್ಲಿ ಆ ವೆಚ್ಚ ಸಾವಿರಾರು ಪ್ರತಿಗಳ ಮೇಲೆ ಹಂಚಿಹೋಗುತ್ತದೆ. ಕನ್ನಡದಲ್ಲಿ ಮುದ್ರಿತ ಪುಸ್ತಕದ ಸಾವಿರ ಪ್ರತಿ ಖರ್ಚಾಗುವುದೇ ಒಂದು ಸಾಹಸವಾಗಿರುವಾಗ, ಇ-ಪುಸ್ತಕದ ಮಾರಾಟ ಎಷ್ಟಿದ್ದೀತು? 2016ರ ಡಿಸೆಂಬರಿನಲ್ಲಿ ಅಮೆಜಾನ್ ಸಂಸ್ಥೆ ತನ್ನ ಕಿಂಡಲ್‌ನಲ್ಲಿ ಹಿಂದಿ, ತಮಿಳು, ಮರಾಠಿ, ಗುಜರಾತಿ, ಮಲಯಾಳಂ ಪುಸ್ತಕಗಳನ್ನು ಆರಂಭಿಸಿದಾಗ ಆ ಐದರಲ್ಲಿ ಕನ್ನಡ ಇರಲಿಲ್ಲ. ನಮ್ಮ ಪ್ರಕಾಶಕರು ತಮ್ಮ ದಾರಿಯನ್ನು ತಾವೇ ಹುಡುಕಿಕೊಳ್ಳಬೇಕಾಯಿತು. ಇದೆಲ್ಲ ನಿಜ. ಆದರೆ ಕಷ್ಟವಿದೆಯೆಂದು ಹೋಟೆಲಿನವನು ಕಲ್ಲಿರುವ ಅನ್ನ ಬಡಿಸಿ ಪೂರ್ತಿ ಊಟದ ಹಣ ಕೇಳುವಂತಿಲ್ಲ. ತಿದ್ದಲು ಸಾಧ್ಯವಾಗದಿದ್ದರೆ, ‘ಇದು ತಿದ್ದದ ಪ್ರತಿ’ ಎಂದು ಹೇಳಿ ಕಡಿಮೆ ಬೆಲೆಗೆ ಮಾರಬಹುದಲ್ಲ?

ಅಷ್ಟಕ್ಕೂ ಮುದ್ರಿತ ಪುಸ್ತಕಕ್ಕೂ ಇ-ಪುಸ್ತಕಕ್ಕೂ ನಡುವೆ ಒಂದು ಮೂಲಭೂತ ಅಂತರವಿದೆ. ಅಚ್ಚಾದ ಸಾವಿರ ಪ್ರತಿಗಳಲ್ಲಿನ ತಪ್ಪನ್ನು ಪ್ರಕಾಶಕ ಇಚ್ಛಿಸಿದರೂ ಹಿಂಪಡೆಯಲಾರ, ಮರುಮುದ್ರಣಕ್ಕೆ ಕಾಯಬೇಕು. 2010ರಲ್ಲಿ ಜೊನಾಥನ್ ಫ್ರಾನ್ಜೆನ್ ಅವರ ‘ಫ್ರೀಡಂ’ ಕಾದಂಬರಿ ಬ್ರಿಟನ್ನಿನಲ್ಲಿ ಅಚ್ಚಾದಾಗ, ಅಂತಿಮ ಪ್ರತಿಯ ಬದಲು ಹಳೆಯ ಕರಡಿನ ಕಡತ ಮುದ್ರಣಕ್ಕೆ ಹೋಗಿಬಿಟ್ಟಿತ್ತು. ಪ್ರಕಾಶಕರು ತಪ್ಪನ್ನು ಒಪ್ಪಿಕೊಂಡು, ಕೊಂಡವರಿಗೆಲ್ಲ ಪುಸ್ತಕವನ್ನು ಬದಲಿಸಿಕೊಡಲು ಮುಂದಾದರು. ಕಾಗದದ ಪುಸ್ತಕವಾದ್ದರಿಂದ ಅದಕ್ಕೆ ದೊಡ್ಡ ನಷ್ಟವನ್ನೇ ಹೊರಬೇಕಾಯಿತು. ಇ-ಪುಸ್ತಕವನ್ನು ಹಾಗೆ ಬದಲಿಸಿಕೊಡಲು ಹೆಚ್ಚುಕಡಿಮೆ ಏನೂ ಖರ್ಚಿಲ್ಲ. ಕಡತದಲ್ಲಿ ಒಮ್ಮೆ ತಿದ್ದಿದರೆ ಮುಂದೆ ಕೊಳ್ಳುವವರಿಗೂ ಈಗಾಗಲೇ ಕೊಂಡವರಿಗೂ ಸರಿಯಾದ ಪ್ರತಿ ತಲುಪಿಸಬಹುದು. ತಿದ್ದಲಾಗದ ತಪ್ಪು ದುರದೃಷ್ಟ. ತಿದ್ದಬಹುದಾಗಿದ್ದೂ ತಿದ್ದದೆ ಉಳಿಸಿದ ತಪ್ಪು ಒಂದು ನಿರ್ಧಾರ. ಅದಕ್ಕೆ ಹೊಣೆಗಾರರು ಇರಲೇಬೇಕು.

ಹೊಣೆಗಾರರನ್ನು ಹುಡುಕುವ ಪ್ರಯತ್ನವನ್ನು ನಾನು ಮಾಡದೆ ಇಲ್ಲ. ಪುಟ, ಸಾಲು, ತಪ್ಪು, ಒಪ್ಪು ಎಂದು ನಾಲ್ಕು ಅಂಕಣಗಳ ಪಟ್ಟಿ ಮಾಡಿ ಮಾರಾಟಗಾರರಿಗೆ ಕಳಿಸಿದೆ. ನನ್ನ ಅಭಿಪ್ರಾಯವನ್ನು ಪ್ರಕಾಶಕರಿಗೆ ರವಾನಿಸಲಾಗಿದೆ ಎಂಬ ಸಿದ್ಧ ಉತ್ತರ ಬಂತು. ಪ್ರಕಾಶಕರನ್ನು ಕೇಳಿದರೆ, ಪರಿವರ್ತನೆಯ ಕೆಲಸವನ್ನು ಹೊರಗಿನವರಿಗೆ ಗುತ್ತಿಗೆ ಕೊಟ್ಟಿದ್ದಾಗಿ ಹೇಳಿದರು. ಗುತ್ತಿಗೆ ಪಡೆದವರು, ಕರಡು ನೋಡುವುದು ತಮ್ಮ ಕರಾರಿನಲ್ಲಿ ಇರಲಿಲ್ಲವೆಂದರು. ಮೂರು ದಶಕಕ್ಕೂ ಹೆಚ್ಚು ಕಾಲ ಸರ್ಕಾರಿ ಸೇವೆಯಲ್ಲಿದ್ದ ನನಗೆ ಕಡತವೊಂದು ಮೇಜಿನಿಂದ ಮೇಜಿಗೆ ತಿರುಗುವುದು ಹೊಸ ದೃಶ್ಯವಲ್ಲ. ಖಾಸಗಿ ವಲಯವೂ ಆ ವಿದ್ಯೆಯನ್ನು ಇಷ್ಟು ಚೆನ್ನಾಗಿ ಕಲಿತಿದೆಯೆಂದು ತಿಳಿದಿರಲಿಲ್ಲ.

ಕಾನೂನು ಈ ವಿಷಯದಲ್ಲಿ ಮೂಕವಾಗಿಲ್ಲ. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯಡಿ 2020ರಲ್ಲಿ ರೂಪಿಸಿದ ಇ-ವಾಣಿಜ್ಯ ನಿಯಮಗಳು ಡಿಜಿಟಲ್ ಉತ್ಪನ್ನಗಳಿಗೂ ಅನ್ವಯಿಸುತ್ತವೆ. ಮಾರಾಟ ವೇದಿಕೆ ದೂರು ನಿವಾರಣಾ ಅಧಿಕಾರಿಯನ್ನು ನೇಮಿಸಬೇಕು. ದೂರು ತಲುಪಿದ್ದನ್ನು 48 ಗಂಟೆಗಳೊಳಗೆ ತಿಳಿಸಿ, ಒಂದು ತಿಂಗಳೊಳಗೆ ಪರಿಹರಿಸಬೇಕು. ತೆರಿಗೆಯ ಮಾತನ್ನೂ ಗಮನಿಸಿ. ಜಿ.ಎಸ್.ಟಿ. ಬಂದಾಗ ಮುದ್ರಿತ ಪುಸ್ತಕಕ್ಕೆ ತೆರಿಗೆಯ ವಿನಾಯಿತಿ ದೊರೆಯಿತು. ಇ-ಪುಸ್ತಕವನ್ನು ಮಾತ್ರ ಸೇವೆಯೆಂದು ಬಗೆದು ಶೇ 18ರ ತೆರಿಗೆ ಹಾಕಲಾಯಿತು. ಮುದ್ರಿತ ರೂಪವೂ ಇರುವ ಇ-ಪುಸ್ತಕಗಳಿಗೆ 2018ರ ಜುಲೈನಲ್ಲಿ ಅದನ್ನು ಶೇ 5ಕ್ಕೆ ಇಳಿಸಲಾಯಿತು. ಇ-ಪುಸ್ತಕ ಸರಕಲ್ಲ, ಸೇವೆ ಎನ್ನುವುದಾದರೆ ಹಾಗೆಯೇ ಆಗಲಿ. ಸೇವೆಯ ಹೆಸರಿನಲ್ಲಿ ತೆರಿಗೆ ತೆತ್ತ ಓದುಗನಿಗೆ ಮಾರಾಟದ ನಂತರವೂ ಸೇವೆ ಸಲ್ಲಬೇಡವೇ?

ಇದರಲ್ಲಿ ಒಂದು ವಿಪರ್ಯಾಸವಿದೆ. ಹಣಕ್ಕೆ ಮಾರುವ ಪುಸ್ತಕಕ್ಕೆ ಇಲ್ಲದ ಕಾವಲು ಉಚಿತ ಪುಸ್ತಕಕ್ಕಿದೆ. 1971ರಲ್ಲಿ ಅಮೆರಿಕದ ಮೈಕೇಲ್ ಹಾರ್ಟ್ ಆರಂಭಿಸಿದ ಗುಟೆನ್‌ಬರ್ಗ್ ಯೋಜನೆ ಹಕ್ಕುಸ್ವಾಮ್ಯ ಮುಗಿದ ಪುಸ್ತಕಗಳನ್ನು ಉಚಿತವಾಗಿ ಒದಗಿಸುತ್ತದೆ. ಅದಕ್ಕೆ ನೆರವಾಗಲೆಂದು 2000ದಲ್ಲಿ ಹುಟ್ಟಿದ ಸ್ವಯಂಸೇವಕರ ಬಳಗವೊಂದರಲ್ಲಿ ಪ್ರತಿ ಪುಟವನ್ನೂ ಬೇರೆ ಬೇರೆ ಜನ ಹಲವು ಸುತ್ತು ತಿದ್ದುತ್ತಾರೆ. ನಮ್ಮ ಕನ್ನಡ ವಿಕಿಸೋರ್ಸ್‌ನಲ್ಲಿಯೂ ಸ್ಕ್ಯಾನ್ ಮಾಡಿದ ಪುಟ ಒಂದು ಪಕ್ಕ, ಪಠ್ಯ ಇನ್ನೊಂದು ಪಕ್ಕ ಇರುತ್ತದೆ. ತಿದ್ದದ ಪುಟಕ್ಕೆ ಕೆಂಪು, ಒಬ್ಬರು ತಿದ್ದಿದ ಪುಟಕ್ಕೆ ಹಳದಿ, ಇನ್ನೊಬ್ಬರು ಮತ್ತೆ ಪರಿಶೀಲಿಸಿದ ಪುಟಕ್ಕೆ ಹಸಿರು ಗುರುತು. ಬಿಡಿಗಾಸನ್ನೂ ಪಡೆಯದವರು ತಮ್ಮ ಸರಕು ಎಷ್ಟು ಶುದ್ಧವೆಂದು ಪುಟಪುಟಕ್ಕೂ ಬಣ್ಣದಲ್ಲಿ ಹೇಳುತ್ತಿರುವಾಗ, ಹಣ ಪಡೆಯುವವರು ಒಂದು ಮಾತನ್ನೂ ಹೇಳುತ್ತಿಲ್ಲ.

ಯಂತ್ರವನ್ನು ಒಂಟಿಯಾಗಿ ಬಿಟ್ಟರೆ ಇಂಗ್ಲಿಷಿನಂಥ ಸಿರಿವಂತ ಭಾಷೆಗೂ ಏನಾಗಬಲ್ಲದು ಎಂಬುದಕ್ಕೆ 2012ರ ಪ್ರಸಂಗವೊಂದಿದೆ. ಟಾಲ್‌ಸ್ಟಾಯ್ ಅವರ ‘ಯುದ್ಧ ಮತ್ತು ಶಾಂತಿ’ಯ ಇಂಗ್ಲಿಷ್ ಅನುವಾದವನ್ನು ಕಿಂಡಲ್‌ನಿಂದ ಅದರ ಪ್ರತಿಸ್ಪರ್ಧಿಯಾದ ನೂಕ್ ಎಂಬ ಸಾಧನಕ್ಕೆ ಒಗ್ಗಿಸಿದವರು, ಪುಸ್ತಕದಲ್ಲಿದ್ದ ‘ಕಿಂಡಲ್’ ಎಂಬ ಪದವನ್ನೆಲ್ಲ ಒಂದೇ ಏಟಿಗೆ ‘ನೂಕ್’ ಎಂದು ಬದಲಿಸಿದಂತಿತ್ತು. ಇಂಗ್ಲಿಷಿನಲ್ಲಿ ‘ಕಿಂಡಲ್’ ಎಂದರೆ ಹೊತ್ತಿಸು ಎಂಬ ಅರ್ಥವೂ ಇದೆಯಷ್ಟೆ. ಹಾಗಾಗಿ ಟಾಲ್‌ಸ್ಟಾಯ್ ಕಾದಂಬರಿಯಲ್ಲಿ ದೀಪ ಹೊತ್ತುವಲ್ಲೆಲ್ಲ ‘ನೂಕ್ಡ್’ ಎಂಬ ಪದ ಕಾಣಿಸಿಕೊಂಡಿತು. ಜಗತ್ತು ನಕ್ಕಿತು, ಸುದ್ದಿಯಾಯಿತು. ಕನ್ನಡದ ಪುಸ್ತಕಕ್ಕೆ ಹೀಗಾದರೆ ನಗಲಿಕ್ಕೂ ಯಾರೂ ಇರುವುದಿಲ್ಲ ಎಂಬುದೇ ನಮ್ಮ ಸಂಕಟ.

ಒಂದಕ್ಷರದ ತಪ್ಪಿಗೆ ಇಷ್ಟು ಗದ್ದಲವೇ ಎಂದು ಕೆಲವರು ಕೇಳಬಹುದು. 2000ದ ಸುಮಾರಿಗೆ ‘ಭೂಮಿ’ ಯೋಜನೆಯಡಿ ರಾಜ್ಯದ ಸುಮಾರು ಎರಡು ಕೋಟಿ ಪಹಣಿಗಳನ್ನು ಗಣಕಕ್ಕೆ ಏರಿಸಿದಾಗ ನಾನು ಕಂದಾಯ ಇಲಾಖೆಯಲ್ಲಿದ್ದೆ. ನಾನಿದ್ದ ತಾಲ್ಲೂಕಿನಲ್ಲಿ ಗಣಕಕ್ಕೇರಿಸಿದ ಪಹಣಿಗಳನ್ನು ಮತ್ತೆ ಕಾಗದದ ಮೇಲೆ ತೆಗೆದು, ಗ್ರಾಮ ಲೆಕ್ಕಿಗರು ಕೈಬರಹದ ಮೂಲದೊಂದಿಗೆ ತಾಳೆ ನೋಡಿ ಸಹಿ ಹಾಕುತ್ತಿದ್ದರು. ಇಷ್ಟಾದರೂ ಶಿವಯ್ಯ ಎಂಬುವರು ಪಹಣಿಯಲ್ಲಿ ಶಿವಪ್ಪನಾಗಿ, ಬ್ಯಾಂಕಿನ ಸಾಲಕ್ಕಾಗಿ ತಿಂಗಳುಗಟ್ಟಲೆ ಅಲೆದದ್ದನ್ನು ಕಂಡಿದ್ದೇನೆ. ಆ ರೈತನಿಗೆ ತನ್ನ ತಪ್ಪು ಗೊತ್ತಿತ್ತು, ಅರ್ಜಿ ಹಿಡಿದು ಬಂದ. ಪುಸ್ತಕದೊಳಗೆ ಕೆಟ್ಟ ಪದಕ್ಕೆ ಅರ್ಜಿ ಹಿಡಿದು ಬರಲು ಕಾಲಿಲ್ಲ.

ನಮ್ಮ ಭಾಗಕ್ಕೆ ಈ ಪ್ರಶ್ನೆ ಇನ್ನೂ ಹತ್ತಿರದ್ದು. ಬೆಂಗಳೂರು, ಧಾರವಾಡ, ಮೈಸೂರಿನಲ್ಲಿ ಅಚ್ಚಾದ ಪುಸ್ತಕ ಕಲಬುರಗಿಯ ಅಂಗಡಿಗೆ ಬರಲು ದಿನ ಹಿಡಿಯುತ್ತದೆ, ಹಳ್ಳಿಯನ್ನಂತೂ ಮುಟ್ಟುವುದೇ ಇಲ್ಲ. ಕಮಲಾಪುರದ ಕಡೆಯ ಹಳ್ಳಿಯ ಹುಡುಗಿಯೊಬ್ಬಳು ಬಿಡುಗಡೆಯಾದ ದಿನವೇ ಪುಸ್ತಕ ಓದಬಲ್ಲಳೆಂದರೆ ಅದು ಇ-ಪುಸ್ತಕದಿಂದ ಮಾತ್ರ. ನಿಜಾಮರ ಆಳ್ವಿಕೆಯಲ್ಲಿ ಉರ್ದು ಮಾಧ್ಯಮದಲ್ಲಿ ಓದಿದ ನಮ್ಮ ತಂದೆಯವರ ತಲೆಮಾರು 1948ರ ನಂತರ ಶುದ್ಧ ಕನ್ನಡ ಬರೆಯಲು ಕಲಿತದ್ದು ಪುಸ್ತಕಗಳನ್ನು ನೋಡಿ. ಅಚ್ಚಿನಲ್ಲಿ ಬಂದದ್ದು ಸರಿಯಿರಲೇಬೇಕು ಎಂಬ ನಂಬಿಕೆ ಅವರದು. ಆ ನಂಬಿಕೆ ಈಗಲೂ ಮೊದಲ ತಲೆಮಾರಿನ ಓದುಗರಲ್ಲಿದೆ. ಅವರು ‘ಧಮರ್’ ಎಂಬುದನ್ನು ಎರಡು ಸಲ ಕಂಡರೆ, ತಮ್ಮ ಕಾಗುಣಿತವೇ ತಪ್ಪೆಂದು ಭಾವಿಸುತ್ತಾರೆ. ಮನುಷ್ಯರಷ್ಟೇ ಅಲ್ಲ, ಭಾಷೆ ಕಲಿಯುತ್ತಿರುವ ಇಂದಿನ ಯಂತ್ರಗಳೂ ಗಣಕದಲ್ಲಿ ದೊರೆಯುವ ಪಠ್ಯವನ್ನೇ ಓದಿ ಕಲಿಯುತ್ತವೆ. ಇಂದು ನಾವು ಉಳಿಸಿದ ತಪ್ಪನ್ನು ನಾಳೆ ಅವು ನಮಗೇ ಪಾಠ ಹೇಳಿಯಾವು.

ಇಲ್ಲಿಂದ ಸುಮಾರು 40 ಕಿಲೋಮೀಟರ್ ದೂರದಲ್ಲಿ ಮಳಖೇಡವಿದೆ. ನೃಪತುಂಗನ ಮಾನ್ಯಖೇಟ ಅದು. ಅವನ ಆಸ್ಥಾನದಲ್ಲಿ ಒಂಬತ್ತನೆಯ ಶತಮಾನದಲ್ಲಿ ರಚಿತವಾದ ‘ಕವಿರಾಜಮಾರ್ಗ’ ಕನ್ನಡದಲ್ಲಿ ನಮಗೆ ದೊರೆತಿರುವ ಮೊದಲ ಗ್ರಂಥ. ಅದರ ಮೊದಲ ಪರಿಚ್ಛೇದದ ವಿಷಯವೇ ದೋಷ ಮತ್ತು ಅದೋಷಗಳ ನಿರ್ಣಯ. ಅಲಂಕಾರಗಳ ಮಾತು ಅಲ್ಲಿ ಆಮೇಲೆ ಬರುತ್ತದೆ. ಯಾವುದು ತಪ್ಪು, ಯಾವುದು ತಪ್ಪಲ್ಲ ಎಂಬುದನ್ನು ಮೊದಲು ಇತ್ಯರ್ಥಪಡಿಸಿಕೊಂಡು ಹೊರಟ ಸಾಹಿತ್ಯ ನಮ್ಮದು.

ನನ್ನ ಬೇಡಿಕೆಗಳು ದೊಡ್ಡವಲ್ಲ. ಮೊದಲನೆಯದಾಗಿ, ಪ್ರತಿ ಇ-ಪುಸ್ತಕದ ಆರಂಭದಲ್ಲಿ ಅದರ ಕರಡು ತಿದ್ದಿದವರ ಹೆಸರೂ ತಿದ್ದಿದ ದಿನಾಂಕವೂ ಇರಲಿ. ಯಾರೂ ತಿದ್ದಿಲ್ಲವಾದರೆ ಹಾಗೆಂದು ನಮೂದಿಸಲಿ. ಹೆಸರು ಹಾಕಬೇಕೆಂದಾಗ ಕೆಲಸ ತಾನಾಗಿ ಶ್ರದ್ಧೆ ಪಡೆಯುತ್ತದೆ. ಎರಡನೆಯದಾಗಿ, ಓದುಗ ತಪ್ಪಿನ ಮೇಲೆ ಬೆರಳಿಟ್ಟು ಅಲ್ಲಿಂದಲೇ ಪ್ರಕಾಶಕರಿಗೆ ತಿಳಿಸುವ ಸೌಲಭ್ಯವಿರಲಿ. ತಿದ್ದಿದ ಪ್ರತಿ ಹಿಂದೆ ಕೊಂಡವರಿಗೆಲ್ಲ ಉಚಿತವಾಗಿ ತಲುಪಲಿ. ಮೂರನೆಯದಾಗಿ, ಪುಸ್ತಕದ ಮಧ್ಯಭಾಗದ ಕೆಲವು ಪುಟಗಳನ್ನೂ ಮಾದರಿಯಾಗಿ ತೋರಿಸಲಿ. ನಾಲ್ಕನೆಯದಾಗಿ, ಮುದ್ರಿತ ಪುಸ್ತಕಗಳ ಸಗಟು ಖರೀದಿಗೆ ಹಣ ವ್ಯಯಿಸುವ ಗ್ರಂಥಾಲಯ ಇಲಾಖೆಯೂ ಕನ್ನಡ ಪುಸ್ತಕ ಪ್ರಾಧಿಕಾರವೂ ಇ-ಪುಸ್ತಕಗಳ ಕರಡು ತಿದ್ದುವ ವೆಚ್ಚದಲ್ಲಿ ಪಾಲು ಹೊರಲಿ. ಒಮ್ಮೆ ಮಾಡಿದರೆ ಶಾಶ್ವತವಾಗಿ ಫಲ ಕೊಡುವ ಇಂಥ ಕೆಲಸಕ್ಕಿಂತ ಸಾರ್ವಜನಿಕ ಹಣಕ್ಕೆ ಒಳ್ಳೆಯ ವಿನಿಯೋಗ ಇನ್ನೇನಿದೆ? ಕನ್ನಡ ಎಂ.ಎ. ಮಾಡಿ ಕೆಲಸಕ್ಕಾಗಿ ಕಾದಿರುವ ಯುವಕ ಯುವತಿಯರು ಪ್ರತಿ ಜಿಲ್ಲೆಯಲ್ಲೂ ಇದ್ದಾರೆ. ಓದುಗರಾದ ನಮ್ಮ ಪಾಲಿನ ಕರ್ತವ್ಯವೂ ಉಂಟು. ತಪ್ಪು ಕಂಡಾಗ ಗೊಣಗಿ ಸುಮ್ಮನಾಗದೆ ಬರೆದು ತಿಳಿಸಬೇಕು.

ನನ್ನ ಪಟ್ಟಿಗೆ ಇದುವರೆಗೆ ಫಲ ದೊರೆತಿಲ್ಲ. ನಾನೇ ತಿದ್ದಿಕೊಳ್ಳೋಣವೆಂದರೆ ಕೊಂಡ ಪುಸ್ತಕಕ್ಕೆ ಬೀಗ ಹಾಕಿದ್ದಾರೆ; ಒಂದಕ್ಷರವನ್ನೂ ಮುಟ್ಟುವಂತಿಲ್ಲ. ಹಾಗಾಗಿ ಈಗ ಸಂಜೆ ಐದಕ್ಕೆ ನನ್ನ ಕಪಾಟಿನ ಮುದ್ರಿತ ಪ್ರತಿಯನ್ನು ಕೈಯಲ್ಲಿ ಹಿಡಿದು ಗುರುಗಳ ಮನೆಗೆ ಹೋಗುತ್ತೇನೆ, ಒಂದು ತಾಸು ಓದುತ್ತೇನೆ. ಕಳೆದ ವಾರ ಓದುತ್ತಿದ್ದಾಗ ಅವರು ಕೈಯೆತ್ತಿ ತಡೆದರು. ‘ಆ ಸಾಲು ಇನ್ನೊಮ್ಮಿ ಓದ್ರಿ’ ಎಂದರು. ಓದಿದೆ. ‘ಅಲ್ಲಿ ಅಲ್ಪಪ್ರಾಣ ಅಲ್ರಿ ಸಾಹೇಬ್ರ, ಮಹಾಪ್ರಾಣ ಇರಬೇಕು. ನೀವು ಓದಿದ್ದು ತಪ್ಪೋ, ಅಚ್ಚೇ ತಪ್ಪೋ ನೋಡ್ರಿ.’ ನೋಡಿದೆ, ಅಚ್ಚೇ ತಪ್ಪಿತ್ತು. ಇಷ್ಟು ವರ್ಷ ಆ ಪುಸ್ತಕ ನನ್ನಲ್ಲಿದ್ದರೂ ಅದು ನನ್ನ ಕಣ್ಣಿಗೆ ಬಿದ್ದಿರಲಿಲ್ಲ.

‘ತಿದ್ರಿ ಮತ್ತ, ಮುಂದ ಓದವರಿಗೆ ಅನುಕೂಲ ಆಗ್ತದ’ ಎಂದರು. ಜೇಬಿನಿಂದ ಪೆನ್ಸಿಲ್ ತೆಗೆದು ಅಂಚಿನಲ್ಲಿ ತಿದ್ದಿದೆ.